‘ನೋಡಿ ನೋಡಿ ಕಲಿಯುತ್ತೆ ಬಿಡಿ’ ಅಂದ್ರೆ ಸಾಕಾಗಲ್ಲ

ಸಂಪಾದಕರಿಗೆ ನಮಸ್ಕಾರ,

ಹೋಂಸ್ಕೂಲಿಂಗ್ ಅಂದ್ರೆ ಮಕ್ಕಳನ್ನ ಶಾಲೆಗೆ ಕಳಿಸದೆ ಮನೇಲೇ ಪಾಠ ಹೇಳೋದ್ರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹ ಬರ್ತಿರುತ್ತೆ, ಸಿಕ್ಕಿದ್ದೆಲ್ಲ ಓದ್ತೀನಿ. ಸಿಲಬಸ್ ಯಾವುದು, ಪರೀಕ್ಷೆ ಹೇಗೆ, ಮಕ್ಕಳಿಗೆ ಫ್ರೆಂಡ್ಸ್ ಸಿಗ್ತಾರಾ, ಮುಂದೆ ಕಾಲೇಜಿಗೆ ತೊಂದರೆ ಆಗುತ್ತಾ, ಹೀಗೆ ಎಲ್ಲಾ ಎಂಟು ಹತ್ತು ಹನ್ನೆರಡು ವರ್ಷದವರ ವಿಚಾರನೇ. ಅದೇ ಮನೇಲಿ ಒಂದೂವರೆ ವರ್ಷದ್ದೋ ಎರಡು ವರ್ಷದ್ದೋ ಇನ್ನೊಂದು ಇರುತ್ತಲ್ಲ, ಅಕ್ಕನ ಗಣಿತದ ಪುಸ್ತಕ ಎಳ್ಕೊಂಡು ಓಡೋದು, ಅಣ್ಣನ ಪೆನ್ಸಿಲ್ ಬಾಯಿಗೆ ಇಟ್ಕೊಳ್ಳೋದು, ಅದರ ಬಗ್ಗೆ ಬರೆಯೋರು ಕಮ್ಮಿ. ಬರೆದ್ರೂ ‘ಪಾಠದ ಟೈಮಲ್ಲಿ ಚಿಕ್ಕದನ್ನ ಸುಮ್ಮನಿರಿಸೋದು ಹೇಗೆ’ ಅಂತ ಬರೀತಾರೆ. ಆ ಪ್ರಶ್ನೆನೇ ನನಗೆ ಹಿಡಿಸಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ದಯವಿಟ್ಟು ಮಧ್ಯದಲ್ಲಿ ಹಾಕ್ಬೇಡಿ, ಕೊನೇಲಿ ಹಾಕಿ.

ಮನೇಲಿ ದೊಡ್ಡ ಮಕ್ಕಳಿಗೆ ಪಾಠ ಹೇಳೋ ಅಪ್ಪ ಅಮ್ಮಂದಿರು ಚಿಕ್ಕದರ ವಿಷಯ ಬಂದಾಗ ಒಂದು ಮಾತು ಹೇಳ್ಕೊಂಡು ಸಮಾಧಾನ ಮಾಡ್ಕೋತಾರೆ, ‘ಅದಕ್ಕೇನು, ದೊಡ್ಡವರನ್ನ ನೋಡಿ ನೋಡಿ ಕಲಿಯುತ್ತೆ ಬಿಡಿ’ ಅಂತ. ಪೂರ್ತಿ ಸುಳ್ಳೇನಲ್ಲ ಇದು. ಎರಡನೇದು ಮೂರನೇದು ಹುಟ್ಟಿದ ಮಕ್ಕಳು ಹಠ ಮಾಡೋದ್ರಿಂದ ಹಿಡಿದು ಶೂ ಹಾಕ್ಕೊಳ್ಳೋದ್ರ ತನಕ ಬಹಳಷ್ಟನ್ನ ಅಕ್ಕ ಅಣ್ಣನ ನೋಡಿಯೇ ಕಲಿಯೋದು, ಇದನ್ನ ಯಾರೂ ಹೇಳಿಕೊಡ್ಬೇಕಾಗಿಲ್ಲ. ಆದ್ರೆ ಮಾತಿನ ವಿಷಯ ಬೇರೆ. 2013ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಅಡ್ರಿಯಾನಾ ವೈಸ್ಲೆಡರ್ ಮತ್ತೆ ಆನ್ ಫರ್ನಾಲ್ಡ್ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಸ್ಪ್ಯಾನಿಷ್ ಮಾತಾಡೋ ಮನೆಗಳ 29 ಮಕ್ಕಳು, ವಯಸ್ಸು 19 ತಿಂಗಳು, ಮನೇಲಿ ದಿನವಿಡೀ ಕೇಳಿಸೋ ಮಾತನ್ನೆಲ್ಲ ರೆಕಾರ್ಡ್ ಮಾಡಿ, ಮಗುಗೇ ಅಂತ ಆಡಿದ ಮಾತು ಎಷ್ಟು, ಪಕ್ಕದಲ್ಲಿ ಬೇರೆಯವರು ಆಡ್ಕೊಂಡಿದ್ದು ಎಷ್ಟು ಅಂತ ಬೇರೆ ಬೇರೆ ಲೆಕ್ಕ ಹಾಕಿದ್ರು. 24 ತಿಂಗಳು ತುಂಬಿದಾಗ ನೋಡಿದ್ರೆ, ತಮ್ಮ ಜೊತೆನೇ ಜಾಸ್ತಿ ಮಾತಾಡಿಸಿಕೊಂಡಿದ್ದ ಮಕ್ಕಳಿಗೆ ಜಾಸ್ತಿ ಪದ ಬರ್ತಿತ್ತು, ಸುಮ್ಮನೆ ಕಿವಿಗೆ ಬಿದ್ದ ಮಾತಿಗೂ ಪದಸಂಪತ್ತಿಗೂ ಅಂಥ ಸಂಬಂಧ ಕಾಣಲಿಲ್ಲ. ಸಣ್ಣ ಅಧ್ಯಯನ ನಿಜ, ಮತ್ತೆ ಎರಡು ವರ್ಷದ ಮಕ್ಕಳು ಪಕ್ಕದಲ್ಲಿ ಆಡಿದ ಮಾತಿಂದ ಒಂದೊಂದು ಹೊಸ ಪದ ಹಿಡ್ಕೊಳ್ಳೋದೂ ಉಂಟು. ಆದ್ರೂ ಹೋಂಸ್ಕೂಲಿಂಗ್ ಮನೆಗೆ ಇದರಲ್ಲಿ ಒಂದು ವಿಷಯ ಇದೆ. ನಮ್ಮಂಥ ಮನೆಗಳಲ್ಲಿ ಬೆಳಗಿಂದ ಮಧ್ಯಾಹ್ನದ ತನಕ ಮಾತು ನಿಲ್ಲೋದೇ ಇಲ್ಲ, ಭಿನ್ನರಾಶಿ, ಜ್ವಾಲಾಮುಖಿ, ಸಂಧಿ ಸಮಾಸ ಅಂತ. ಅಷ್ಟೂ ಮಾತಿನ ಮಧ್ಯೆ ಕೂತಿರೋ ಪುಟಾಣಿಗೆ ಅದರಲ್ಲಿ ಒಂದು ವಾಕ್ಯಾನೂ ಅದರದ್ದಲ್ಲ. ಮನೆ ತುಂಬ ಮಾತಿದೆ ಅಂತ ನಮಗೆ ಅನ್ಸುತ್ತೆ, ಅದರ ಪಾಲಿಗೆ ಬರೋದು ‘ಅದು ಮುಟ್ಬೇಡ’, ‘ಇಳಿ ಕೆಳಗೆ’, ‘ಒಂದ್ನಿಮಿಷ ಇರು’ ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ ಚಿಕ್ಕದರ ಪಾಲು ಮೊದಲು ಕೊಡಬೇಕು, ಉಳಿದ್ರೆ ಕೊಡೋಣ ಅಂತ ಇಟ್ಕೋಬಾರ್ದು. ದೊಡ್ಡವರ ಪಾಠ ಮುಗಿದ ಮೇಲೆ ಅಂತ ಇಟ್ಕೊಂಡ್ರೆ ಅದು ಬರೋದೇ ಇಲ್ಲ. ಮುಗಿಯೋ ಹೊತ್ತಿಗೆ ನಾವೂ ಸುಸ್ತು, ಅದೂ ನಿದ್ದೆ ಬಂದು ರಚ್ಚೆ ಹಿಡಿದಿರುತ್ತೆ. ಬೆಳಗ್ಗೆ ದೊಡ್ಡವರು ಇನ್ನೂ ಸ್ನಾನ ಹಾಸಿಗೆ ಅಂತ ಓಡಾಡ್ತಿರೋವಾಗ, ಕಾಲು ಗಂಟೆ ಇಪ್ಪತ್ತು ನಿಮಿಷ ನೆಲದ ಮೇಲೆ ಅದರ ಎತ್ತರಕ್ಕೆ ಕೂತು, ಫೋನು ಬೇರೆ ರೂಮಲ್ಲಿಟ್ಟು, ಅದು ಏನು ತೋರಿಸುತ್ತೋ ಅದರ ಬಗ್ಗೆ ಮಾತಾಡೋದು. ಅದು ‘ಕಾಕಾ’ ಅಂದ್ರೆ ‘ಹೌದು ಕಾಗೆ, ಗೋಡೆ ಮೇಲೆ ಕೂತಿದೆ, ನೋಡು ಹಾರಿ ಹೋಯ್ತು’ ಅನ್ನೋದು, ಆಮೇಲೆ ಅದು ಮತ್ತೇನಾದ್ರೂ ಹೇಳೋ ತನಕ ಕಾಯೋದು. ಈ ಕಾಯೋದೇ ಕಷ್ಟ, ದೊಡ್ಡವರಿಗೆ ಪಾಠ ಹೇಳಿ ಅಭ್ಯಾಸ ಆದ ಬಾಯಿ ಸುಮ್ಮನಿರಲ್ಲ, ಅದು ಉತ್ತರ ಕೊಡೋಕೆ ಮುಂಚೆನೇ ನಾವೇ ಉತ್ತರ ಕೊಟ್ಬಿಡ್ತೀವಿ. ಒಂದೂವರೆ ಎರಡು ವರ್ಷದ ಮಗು ಕೇಳಿದ್ದನ್ನ ಅರ್ಥ ಮಾಡ್ಕೊಂಡು ಪದ ಹುಡುಕಿ ಬಾಯಿಗೆ ತರೋಕೆ ನಮಗಿಂತ ತುಂಬಾ ಜಾಸ್ತಿ ಹೊತ್ತು ಬೇಕಾಗುತ್ತೆ.

ಇದರಿಂದ ಇನ್ನೊಂದು ಲಾಭ. ಹೀಗೆ ಮೊದಲೇ ಹೊಟ್ಟೆ ತುಂಬ ಮಾತಾಡಿಸಿಕೊಂಡ ಮಗು ಆಮೇಲೆ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಾನು ಆಡ್ಕೊಳ್ಳುತ್ತೆ, ಅಣ್ಣನ ಪುಸ್ತಕದ ಮೇಲೆ ಬಂದು ಕೂರೋದು ಕಮ್ಮಿ ಆಗುತ್ತೆ. ಗ್ಯಾರಂಟಿ ಏನಿಲ್ಲ, ಹಲ್ಲು ಬರ್ತಿರೋ ವಾರದಲ್ಲಿ ಯಾವ ಉಪಾಯನೂ ನಡೆಯಲ್ಲ. ಆದ್ರೆ ಪುಸ್ತಕ ಎಳೆಯೋ ಕಿತಾಪತಿ ತುಂಬಾ ಸಲ ‘ನನ್ನನ್ನೂ ನೋಡಿ’ ಅನ್ನೋ ಅರ್ಜಿನೇ, ಅದಕ್ಕೆ ಬೇರೆ ಭಾಷೆ ಇನ್ನೂ ಬಂದಿಲ್ಲ ಅಷ್ಟೇ.

ಆ ಹೊತ್ತಲ್ಲಿ ಏನು ಕಲಿಸ್ಬೇಕು ಅಂತ ಕೇಳೋರಿದ್ದಾರೆ. ಏನೂ ಕಲಿಸ್ಬೇಡಿ ಅಂತ ಹೇಳ್ಬೇಕು ಅನ್ಸುತ್ತೆ ನನಗೆ. ಕಾರ್ಡ್ ತೋರಿಸಿ ಬಣ್ಣದ ಹೆಸರು, ಒಂದು ಎರಡು ಮೂರು, ಎ ಬಿ ಸಿ ಡಿ ಅಂತ ಬಾಯಿಪಾಠ ಮಾಡಿಸೋದು ಬಂದ ನೆಂಟರಿಗೆ ತೋರಿಸೋಕೆ ಚೆನ್ನಾಗಿರುತ್ತೆ, ಇಪ್ಪತ್ತರ ತನಕ ಎಣಿಸೋ ಎರಡು ವರ್ಷದ್ದಕ್ಕೆ ‘ಮೂರು ಬ್ಲಾಕ್ ಕೊಡು’ ಅಂದ್ರೆ ಕೈ ತುಂಬ ತಂದು ಸುರಿಯುತ್ತೆ. ಎಣಿಕೆ ಪದ್ಯ ಗೊತ್ತಿದೆ, ಮೂರು ಅಂದ್ರೇನು ಅಂತ ಗೊತ್ತಿಲ್ಲ, ಅದು ಬರೋದು ನಿಧಾನ. ಅದೇ ಬಟ್ಟೆ ಮಡಚೋವಾಗ ‘ಇದು ಅಣ್ಣಂದು ದೊಡ್ಡ ಸಾಕ್ಸು, ಇದು ನಿಂದು ಸಣ್ಣ ಸಾಕ್ಸು, ಇದರ ಜೋಡಿ ಎಲ್ಲಿ’ ಅಂತ ಹುಡುಕಿಸಿದ್ರೆ ಅದರಲ್ಲಿ ಗಾತ್ರ, ಜೋಡಿ, ಯಾರದ್ದು ಯಾವುದು ಎಲ್ಲಾ ಬಂತು, ಬಟ್ಟೆ ಮಡಚೋ ಕೆಲಸಾನೂ ಆಯ್ತು (ಅರ್ಧಂಬರ್ಧ). 1907ರಲ್ಲಿ ರೋಮಿನಲ್ಲಿ ಮರಿಯಾ ಮಾಂಟೆಸ್ಸೊರಿ ಬಡವರ ಮಕ್ಕಳಿಗೆ ಅಂತ ‘ಮಕ್ಕಳ ಮನೆ’ ಅನ್ನೋ ಮೊದಲ ಶಾಲೆ ತೆರೆದಾಗ ಗುಡಿಸೋದು, ನೀರು ಸುರಿಯೋದು, ಗುಂಡಿ ಹಾಕೋದು ಇಂಥವನ್ನೇ ಪಾಠ ಮಾಡಿದ್ರು, ಬೇರೆ ಬೇರೆ ವಯಸ್ಸಿನ ಮಕ್ಕಳನ್ನ ಒಂದೇ ಕೋಣೇಲಿ ಇಟ್ಟಿದ್ರು. ಈಗ ಅವರ ಹೆಸರಲ್ಲಿ ಮರದ ಸಾಮಾನು ದುಡ್ಡು ಕೊಟ್ಟು ತರೋದು ಫ್ಯಾಶನ್. ಬೇರೆ ವಯಸ್ಸಿನ ಮಕ್ಕಳೂ ಮುಗಿಯದ ಕೆಲಸಗಳೂ ನಮ್ಮ ಮನೇಲಿ ಮೊದಲೇ ಇರುತ್ತೆ, ಪುಕ್ಕಟೆ.

ಪುಸ್ತಕದ ಬಗ್ಗೆ ಹೇಳ್ಲೇಬೇಕು. ಈ ವಯಸ್ಸಿನ ಮಕ್ಕಳು ಒಂದೇ ಪುಸ್ತಕನ ಮತ್ತೆ ಮತ್ತೆ ಓದು ಅಂತ ಪೀಡಿಸ್ತಾವೆ, ನಾವು ಒಂದೆರಡು ಹಾಳೆ ಹಾರಿಸಿ ಓದಿದ್ರೆ ಗೊತ್ತಾಗಿ ಬಿಡುತ್ತೆ ಬೇರೆ. ಹೊಸದು ಓದೋಣ ಅಂತ ಬಲವಂತ ಮಾಡ್ಬೇಕಾಗಿಲ್ಲ. 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯ ಜೆಸಿಕಾ ಹೋರ್ಸ್ಟ್ ಮತ್ತೆ ಅವರ ಜೊತೆಯವರು ಮೂರು ವರ್ಷದ ಮಕ್ಕಳಿಗೆ ಕತೆ ಓದಿ ನೋಡಿದ್ರು, ಹೊಸ ಪದಗಳನ್ನ ಬೇರೆ ಬೇರೆ ಕತೆಗಳಲ್ಲಿ ಕೇಳಿದವರಿಗಿಂತ ಅದೇ ಕತೇನ ಪುನಃ ಪುನಃ ಕೇಳಿದ ಮಕ್ಕಳೇ ಆ ಪದಗಳನ್ನ ಚೆನ್ನಾಗಿ ಕಲಿತ್ರು. ಇಲ್ಲೇ ದೊಡ್ಡ ಮಕ್ಕಳು ಉಪಯೋಗಕ್ಕೆ ಬರೋದು. ಓದೋಕೆ ಈಗಷ್ಟೇ ಬರ್ತಿರೋ ಆರೇಳು ವರ್ಷದವನಿಗೆ ಜೋರಾಗಿ ಓದೋ ಪ್ರಾಕ್ಟೀಸ್ ಬೇಕು, ತಪ್ಪು ಹಿಡಿಯದ ಕೇಳುಗ ಬೇಕು. ಹತ್ತನೇ ಸಲ ಓದಿದ್ರೂ ಬೇಜಾರಾಗದ, ತಡವರಿಸಿದ್ರೂ ನಗದ ಕೇಳುಗ ಮನೇಲೇ ಇದೆ. ಅವನ ಓದಿನ ಪಾಠ ಅದೇ ಆಯ್ತು, ಇದರ ಪಾಠಾನೂ ಅದೇ ಆಯ್ತು, ನಮಗೆ ಅಷ್ಟೊತ್ತು ಅಕ್ಕನ ಲೆಕ್ಕ ನೋಡೋಕೆ ಬಿಡುವು ಸಿಕ್ತು.

ಆದ್ರೆ ಇಲ್ಲೊಂದು ಜಾರುಬಂಡೆ ಇದೆ. ಅಕ್ಕ ನೋಡ್ಕೋತಾಳೆ ಬಿಡು ಅಂತ ಶುರುವಾಗಿದ್ದು ನಿಧಾನಕ್ಕೆ ಅಕ್ಕನೇ ಆಯಾ ಆಗೋದ್ರಲ್ಲಿ ಮುಗಿಯುತ್ತೆ. ಅಕ್ಕನೇ ಅಂತ ಬರೆದಿದ್ದೀನಿ ನೋಡಿ, ಅಣ್ಣ ಅಂತ ಅಲ್ಲ, ಯಾಕಂದ್ರೆ ಹೆಚ್ಚಿನ ಮನೆಗಳಲ್ಲಿ ಹೆಣ್ಣು ಮಗು ಎದ್ದು ಹೋಗಿ ಚಿಕ್ಕದನ್ನ ಎತ್ಕೊಳ್ಳುತ್ತೆ, ಗಂಡು ಮಗು ‘ನನ್ನ ಲೆಕ್ಕ ಇನ್ನೂ ಮುಗಿದಿಲ್ಲ’ ಅನ್ನುತ್ತೆ, ಯಾರೂ ಏನೂ ಅನ್ನಲ್ಲ. ಸರದಿ ಇರ್ಬೇಕು, ಹೊತ್ತು ಗೊತ್ತಿರ್ಬೇಕು, ಮುಗಿದ ಮೇಲೆ ಬಿಡುಗಡೆ ಸಿಗ್ಬೇಕು. ಮನೆಪಾಠ ಅಂತ ಶಾಲೆ ಬಿಡಿಸಿ ದೊಡ್ಡ ಮಗಳ ಕಲಿಕೆಯ ಹೊತ್ತನ್ನ ಮಗು ನೋಡ್ಕೊಳ್ಳೋಕೆ ಖರ್ಚು ಮಾಡಿದ್ರೆ ಆ ಹುಡುಗಿಗೆ ಶಾಲೆನೇ ವಾಸಿ ಇತ್ತು. ಜೊತೆಗೆ ಎಂಟು ಹತ್ತು ವರ್ಷದವರನ್ನ ನಂಬಿ ನೀರಿನ ಹತ್ರ, ಮೆಟ್ಟಿಲ ಹತ್ರ ಪುಟಾಣಿನ ಬಿಡೋ ಹಾಗೇ ಇಲ್ಲ, ಬಕೆಟ್ಟಿನ ತಳದಲ್ಲಿರೋ ನೀರೂ ಆ ವಯಸ್ಸಿಗೆ ಅಪಾಯನೇ.

ಇನ್ನು ದೊಡ್ಡವರ ಪಾಠ ಹೊಂದಿಸೋದು. ಟೈಂಟೇಬಲ್ ಅನ್ನ ಗಣಿತ ವಿಜ್ಞಾನ ಭಾಷೆ ಅಂತ ವಿಷಯದ ಪ್ರಕಾರ ಹಂಚೋ ಬದಲು ನನ್ನ ತಲೆ ಪೂರ್ತಿ ಬೇಕಾಗಿರೋದು, ನಾನು ಪಕ್ಕದಲ್ಲಿದ್ರೆ ಸಾಕಾಗಿರೋದು, ನಾನೇ ಬೇಡದ್ದು ಅಂತ ಹಂಚ್ಕೊಂಡ್ರೆ ಅರ್ಧ ಜಗಳ ತಪ್ಪುತ್ತೆ. ಹೊಸ ಲೆಕ್ಕದ ವಿಧಾನ, ಪ್ರಬಂಧ ತಿದ್ದೋದು, ಇವಕ್ಕೆ ನನ್ನ ತಲೆ ಪೂರ್ತಿ ಬೇಕು, ಇವು ಮಗು ಮಲಗಿದಾಗ. ಮಗ್ಗಿ ಒಪ್ಪಿಸೋದು, ಜೋರಾಗಿ ಇತಿಹಾಸ ಓದೋದು, ಉಕ್ತಲೇಖನ, ಇವನ್ನ ನೆಲದ ಮೇಲೆ ಕೂತು ಮಗು ಜೊತೆ ಡಬ್ಬಿಗೆ ಮುಚ್ಚಳ ಹಾಕ್ತಾನೇ ಮಾಡ್ಬಹುದು. ಕಾಪಿ ಬರೆಯೋದು, ಗೊತ್ತಿರೋ ಲೆಕ್ಕನೇ ಇನ್ನಷ್ಟು ಮಾಡೋದು, ನಕ್ಷೆಗೆ ಬಣ್ಣ, ಇವಕ್ಕೆ ನಾವ್ಯಾಕೆ ಬೇಕು. ಶಾಲೇಲಿ ಮೂವತ್ತು ನಲವತ್ತು ಮಕ್ಕಳಿಗೆ ಒಬ್ಬರೇ ಹೇಳ್ಬೇಕು, ಹಾಜರಿ ಗಲಾಟೆ ಎಲ್ಲಾ ಇರುತ್ತೆ, ಮನೇಲಿ ಒಬ್ಬೊಬ್ಬರಿಗೇ ಕೂತು ಹೇಳಿದ್ರೆ ಅಷ್ಟು ಗಂಟೆ ಬೇಕಾಗೋದೇ ಇಲ್ಲ, ಆದ್ರೂ ಶಾಲೆಯ ಗಂಟೆನೇ ತಲೇಲಿಟ್ಕೊಂಡು ಬೆಳಗಿಂದ ಸಂಜೆ ತನಕ ಟೇಬಲ್ ಬಿಟ್ಟು ಏಳದ ಪೋಷಕರಿದ್ದಾರೆ. ಆ ಮನೇಲಿ ಚಿಕ್ಕದಕ್ಕೆ ಟೈಮ್ ಎಲ್ಲಿಂದ ಬರ್ಬೇಕು.

ಮಧ್ಯಾಹ್ನದ ನಿದ್ದೆ ನಂಬ್ಕೊಂಡು ಇಡೀ ಟೈಂಟೇಬಲ್ ಕಟ್ಟೋರಿಗೆ ಒಂದು ಎಚ್ಚರಿಕೆ. ಒಂದೂವರೆ ವರ್ಷದ ಆಸುಪಾಸಲ್ಲಿ ದಿನಕ್ಕೆ ಎರಡು ಸಲ ಮಲಗ್ತಿದ್ದಿದ್ದು ಒಂದಕ್ಕೆ ಇಳಿಯುತ್ತೆ, ಮೂರರಿಂದ ಐದು ವರ್ಷದೊಳಗೆ ಅದೂ ಹೋಗುತ್ತೆ, ಕೆಲವಕ್ಕೆ ಇನ್ನೂ ಬೇಗನೇ. ಒಂದಿನ ಇದ್ದಕ್ಕಿದ್ದ ಹಾಗೆ ಮಲಗೋದು ನಿಲ್ಸುತ್ತೆ, ಬೀಜಗಣಿತ ಅಲ್ಲಿಗೇ ನಿಂತೋಗುತ್ತೆ. ನಿದ್ದೆ ಬಿಟ್ರೂ ಆ ಹೊತ್ತಿಗೆ ಪರದೆ ಎಳೆದು, ಮನೆಯವರೆಲ್ಲ ಸದ್ದು ಕಮ್ಮಿ ಮಾಡಿ, ಹಾಸಿಗೆ ಮೇಲೆ ಪುಸ್ತಕ ಒಂದೆರಡು ಗೊಂಬೆ ಕೊಟ್ಟು ಬಿಡೋ ಅಭ್ಯಾಸನ ಮಲಗೋ ಕಾಲದಲ್ಲೇ ಶುರು ಮಾಡಿಟ್ರೆ ಆಮೇಲೂ ಸ್ವಲ್ಪ ಹೊತ್ತು ಉಳಿಯುತ್ತೆ.

ಎಚ್ಚರ ಇರೋವಾಗ ಆಟದ ಸಾಮಾನು. ತುಂಬಾ ಇದ್ರೆ ತುಂಬಾ ಹೊತ್ತು ಆಡುತ್ತೆ ಅನ್ನೋದು ಉಲ್ಟಾ. ಅಮೆರಿಕದ ಟೊಲೆಡೊ ಯೂನಿವರ್ಸಿಟಿಯವರು 2018ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳನ್ನ ಒಂದು ಸಲ 4 ಆಟಿಕೆ ಜೊತೆ, ಒಂದು ಸಲ 16 ಆಟಿಕೆ ಜೊತೆ ಬಿಟ್ಟು ನೋಡಿದ್ರು, ನಾಲ್ಕೇ ಇದ್ದಾಗ ಒಂದೊಂದನ್ನೂ ಜಾಸ್ತಿ ಹೊತ್ತು ಹಿಡ್ಕೊಂಡು, ಬೇರೆ ಬೇರೆ ಥರ ಆಡಿದ್ವು. ಹಾಗಾಗಿ ಪಾಠದ ಹೊತ್ತಿಗೆ ಮಾತ್ರ ಹೊರಗೆ ಬರೋ ಒಂದು ಪೆಟ್ಟಿಗೆ ಇಟ್ಟು, ಅದರಲ್ಲಿ ಮೂರು ನಾಲ್ಕೇ ಸಾಮಾನು ಹಾಕಿ, ಆಗಾಗ ಬದಲಾಯಿಸಿದ್ರೆ ಆಯ್ತು. ಮುಚ್ಚಳ ಇರೋ ಡಬ್ಬಿಗಳು, ಒಂದರೊಳಗೆ ಒಂದು ಕೂರೋ ಲೋಟಗಳು, ದೊಡ್ಡ ಹಾಳೆ, ದಪ್ಪ ಕ್ರೇಯಾನು. ಅಣ್ಣ ಬರೀತಾನಲ್ಲ, ಅದಕ್ಕೂ ಬರೀಬೇಕು ಅಂತಿರುತ್ತೆ, ಬರೀಲಿ. ಮುಷ್ಟೀಲಿ ಹಿಡ್ಕೊಂಡು ಭುಜದಿಂದ ಗೀಚುತ್ತೆ ಈ ವಯಸ್ಸಲ್ಲಿ, ಬೆರಳು ಆಮೇಲೆ ಬರುತ್ತೆ, ಈಗಲೇ ಪೆನ್ಸಿಲ್ ಹಿಡಿಯೋದು ತಿದ್ದೋಕೆ ಹೋಗ್ಬೇಡಿ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡೋ ಹಾಗಿಲ್ಲ. ದೊಡ್ಡವರ ಸಾಮಾನು ಇರೋ ಮನೇಲಿ ಬಾಯಿಗೆ ಹೋಗೋ ಅಪಾಯ ಜಾಸ್ತಿ, ಸಣ್ಣ ಬ್ಲಾಕು, ಮಣಿ, ಆಯಸ್ಕಾಂತ, ಎರೇಸರ್ ತುಂಡು. ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಹೋಗೋ ಅಂಥ ಯಾವ ತುಂಡೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರ್ದು. ಕ್ಯಾಲ್ಕುಲೇಟರ್, ಗಡಿಯಾರದಲ್ಲಿರೋ ಬಟನ್ ಬ್ಯಾಟರಿ ನುಂಗಿದ್ರಂತೂ ಎರಡೇ ಗಂಟೇಲಿ ಅನ್ನನಾಳ ಸುಟ್ಟು ಹೋಗಬಹುದು, ನುಂಗಿದೆ ಅಂತ ಅನುಮಾನ ಬಂದ್ರೂ ಸಾಕು ಕಾಯದೆ ಆಸ್ಪತ್ರೆಗೆ ಓಡ್ಬೇಕು.

ಮೊಬೈಲ್ ಕೊಟ್ಟು ಕೂರಿಸೋದ್ರ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರಿಗೂ ಗೊತ್ತಿದೆ, ಎಲ್ಲರೂ ಕೊಡ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು ಒಂದು ವರ್ಷದವಕ್ಕೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕರ ತನಕ ದಿನಕ್ಕೆ ಹೆಚ್ಚಂದ್ರೆ ಒಂದು ಗಂಟೆ, ಕಮ್ಮಿ ಇದ್ದಷ್ಟೂ ಒಳ್ಳೇದು. ಆದ್ರೆ ಅದೇ ಸಲಹೇಲಿರೋ ಇನ್ನೊಂದು ಮಾತನ್ನ ಯಾರೂ ಹೇಳಲ್ಲ. ಈ ವಯಸ್ಸಿನ ಮಕ್ಕಳನ್ನ ಕುರ್ಚಿಗೋ ಗಾಡಿಗೋ ಬೆಲ್ಟ್ ಹಾಕಿ ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕೂರಿಸಬಾರ್ದು, ದಿನಕ್ಕೆ ಒಟ್ಟು 180 ನಿಮಿಷ ಆದ್ರೂ ಮೈ ಆಡಿಸ್ಬೇಕು. ಪಾಠ ಮುಗಿಯೋ ತನಕ ಹೈಚೇರಲ್ಲಿ ಕಟ್ಟಿ ಕೂರಿಸೋ ಉಪಾಯ ಹೇಳ್ಕೊಡೋರು ಇದನ್ನ ಓದ್ಲಿ. ದೊಡ್ಡವರ ವಿಡಿಯೋ ಪಾಠ ಅದೇ ರೂಮಲ್ಲಿ ಓಡ್ತಿದ್ರೆ ಇಯರ್‌ಫೋನ್ ಕೊಡಿ. ಯಾರೂ ನೋಡದ ಟಿವಿ ಸುಮ್ಮನೆ ಹಿಂದೆ ಓಡ್ತಿದ್ರೂ ಒಂದರಿಂದ ಮೂರು ವರ್ಷದ ಮಕ್ಕಳ ಆಟ ತುಂಡು ತುಂಡಾಗುತ್ತೆ ಅಂತ 2008ರ ಒಂದು ಅಧ್ಯಯನ ತೋರಿಸಿದೆ.

ಮನೇಲಿ ಇನ್ನೊಬ್ಬರು ದೊಡ್ಡವರು ಇರ್ತಾರಲ್ಲ, ಬಹಳ ಕಡೆ ಅಪ್ಪ, ಅವರ ಪಾಲು ಸಾಮಾನ್ಯವಾಗಿ ಸಂಜೆ. ಕೆಲಸ ಮುಗಿಸಿ ಬಂದು ಮಗುನ ಮೇಲಕ್ಕೆ ಎಸೆದು ಹಿಡಿದು ನಗಿಸಿ, ಮಲಗೋ ಹೊತ್ತಿಗೆ ಉಲ್ಲಾಸ ಏರಿಸಿಬಿಟ್ಟು ಕೈ ತೊಳ್ಕೊಳ್ಳೋದು. ಅದೇ ಅರ್ಧ ಗಂಟೆನ ಬೆಳಗ್ಗೆ ಹೊರಡೋ ಮುಂಚೆ ಕೊಟ್ಟು ಮಗುನ ಹೊರಗೆ ಕರ್ಕೊಂಡು ಹೋದ್ರೆ, ಎಲೆ ಕಲ್ಲು ಇರುವೆ ತೋರಿಸ್ತಾ ನಿಧಾನಕ್ಕೆ ನಡೆದ್ರೆ, ಮನೇಲಿ ದೊಡ್ಡವರ ಕಷ್ಟದ ಪಾಠ ಒಂದು ಸದ್ದಿಲ್ಲದೆ ಮುಗಿಯುತ್ತೆ. ಒಬ್ಬರೇ ಎಲ್ಲಾ ಮಾಡೋ ಮನೆಗಳೂ ಇವೆ, ಅವರಿಗೆ ಈ ಸಲಹೆ ಕೊಟ್ಟು ಉಪಯೋಗ ಇಲ್ಲ. ಅವರು ದೊಡ್ಡವರ ಒಂದು ವಿಷಯನ ದಿನಾ ಬದಲು ವಾರಕ್ಕೆರಡು ಸಲ ಮಾಡ್ಲಿ, ಆಕಾಶ ಏನೂ ಕಳಚಿ ಬೀಳಲ್ಲ. ಪಾಠ ಒಂದು ತಿಂಗಳು ಹಿಂದೆ ಬಿದ್ರೆ ಮುಂದಿನ ತಿಂಗಳು ಎಳ್ಕೋಬಹುದು, ಹತ್ತು ವರ್ಷದವನಿಗೆ ಅದು ಸಾಧ್ಯ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೇಲಿ ಮಕ್ಕಳಿಗೆ ಅಂತ ಜಾಗ ಇದ್ರೆ ಅದರಲ್ಲಿ ಒಂದು ಮೂಲೇನ ಇನ್ನೂ ಓದೋಕೆ ಬರದ ಓದುಗರಿಗೆ ಬಿಟ್ಟುಕೊಡಿ. ನಾಲ್ಕೇ ಸಾಲಿನ ಪದ್ಯ, ದೊಡ್ಡ ಅಕ್ಷರದಲ್ಲಿ, ಈಗಷ್ಟೇ ಓದು ಕಲಿತ ಅಣ್ಣನೋ ಅಕ್ಕನೋ ಚಿಕ್ಕದನ್ನ ಕೂರಿಸ್ಕೊಂಡು ಓದಿ ಹೇಳೋ ಹಾಗೆ, ಪಕ್ಕದಲ್ಲಿ ಬೆರಳಿಟ್ಟು ತೋರಿಸೋಕೆ ಒಂದು ಚಿತ್ರ. ಪ್ರತಿ ವಾರ ಹೊಸದು ಬರೆಸೋದು ಕಷ್ಟ ಆದ್ರೆ ಹೋದ ವಾರದ್ದನ್ನೇ ಮತ್ತೆ ಹಾಕಿ, ಆ ವಯಸ್ಸಿನವರು ‘ಹಳೇದೇ ಹಾಕಿದ್ದೀರಿ’ ಅಂತ ನಿಮಗೆ ಪತ್ರ ಬರೆಯಲ್ಲ.

ಇತಿ,
ಮನೇಲೇ ಪಾಠ ಹೇಳೋ ಒಬ್ಬ ತಾಯಿ